ಕುಡಿಯಲು ಒಂದು ನೀರು, ಅಡಿಗೆಗೆ ಇನ್ನೊಂದು ನೀರು – ಇದು ಸರಿಯೇ?



ಈಗ ಬಹಳ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಬೆಳಿಗ್ಗೆ ಕ್ಯಾನ್ ಹಿಡಿದು ಹೋಗಿ ಫಿಲ್ಟರ್ ನೀರು ತರುತ್ತೇವೆ. ಆದರೆ ಅದು ಕುಡಿಯುವುದಕ್ಕೆ ಮಾತ್ರ. ಅನ್ನಕ್ಕೆ, ಬೇಳೆಗೆ, ರೊಟ್ಟಿ ಹಿಟ್ಟಿಗೆ ಬೋರ್ ನೀರೇ. "ಹೆಂಗೂ ಕುದಿಸ್ತೀವಲ್ಲ, ಏನಾಗ್ತದ?" ಅನ್ನುತ್ತೇವೆ. ಚಿನ್ನದ ಗಣಿ ಇರುವ ಅಥವಾ ಹಿಂದೆ ಇದ್ದ ಸೀಮೆಯಲ್ಲಿ ಈ ಮಾತನ್ನು ನಂಬಿ ಕೂರುವಂತಿಲ್ಲ. ಯಾಕೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಆರ್ಸೆನಿಕ್ ಎಂದರೇನು?

ಹಿರಿಯರು ಪಾಷಾಣ ಎಂದು ಕರೆಯುತ್ತಿದ್ದ ವಿಷದಲ್ಲಿ ಇರುವುದು ಇದೇ. ರಾಯಚೂರು, ಯಾದಗಿರಿ ಭಾಗದ ಚಿನ್ನದ ಅದಿರಿನ ಕಲ್ಲಿನಲ್ಲಿ ಚಿನ್ನದ ಜೊತೆಗೆ ಆರ್ಸೆನಿಕ್ ಕೂಡ ಇರುತ್ತದೆ. ಕಲ್ಲನ್ನು ಅರೆದು, ಉಳಿದ ಪುಡಿಮಣ್ಣನ್ನು ಹೊರಗೆ ಸುರಿದಾಗ ಅದು ಗಾಳಿ ಮಳೆಗೆ ಸಿಕ್ಕಿ ಹೊಲಕ್ಕೆ, ಅಂಗಳಕ್ಕೆ, ನೀರಿಗೆ ಸೇರಬಹುದು. ನೆಲದೊಳಗಿನ ಕಲ್ಲಿನಿಂದ ಬೋರಿನ ನೀರಿಗೆ ತಾನಾಗಿಯೂ ಬೆರೆಯಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣಿಗೆ ಸ್ಫಟಿಕದಂತೆ ಕಾಣುವ ನೀರಿನಲ್ಲೂ ಇರಬಹುದು.

ಸುರಪುರ ಸೀಮೆಯಲ್ಲಿ ಕಂಡದ್ದು

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಕಿರದಳ್ಳಿ ತಾಂಡಾ ಭಾಗದಲ್ಲಿ, ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಅಲ್ಲಿನ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೊಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿ ಪರೀಕ್ಷಿಸಿದ 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇಕಡಾ 79ರಲ್ಲಿ ಈ ಮಿತಿ ಮೀರಿತ್ತು. ಒಂದರಲ್ಲಿ 303 ಮೈಕ್ರೊಗ್ರಾಂ ಇತ್ತು, ಅಂದರೆ ಮಿತಿಯ ಮೂವತ್ತು ಪಟ್ಟು! ತಪಾಸಣೆ ಮಾಡಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. ಮೇಲ್ಮಣ್ಣಿನಲ್ಲೂ ಬಹಳ ಆರ್ಸೆನಿಕ್ ಸಿಕ್ಕಿತು.

ಅಡಿಗೆ ನೀರಿನಿಂದ ಊಟಕ್ಕೆ

ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆರ್ಸೆನಿಕ್ ಸಾಯುವುದಿಲ್ಲ, ಅದು ಜೀವವಲ್ಲ. ನೀರು ಆವಿಯಾಗುತ್ತದೆ, ವಿಷ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಅಕ್ಕಿ, ಬೇಳೆ ಬೇಯುವಾಗ ಆ ನೀರನ್ನೇ ಹೀರಿಕೊಳ್ಳುತ್ತವೆ. ರೊಟ್ಟಿ ಹಿಟ್ಟು ನಾದುವುದೂ ಅದೇ ನೀರಲ್ಲಿ, ಸಾರು ಅಂತೂ ಪೂರಾ ನೀರೇ. ಹಾಗಾದರೆ ಫಿಲ್ಟರ್ ನೀರು ಕುಡಿದೂ ನಾವು ಬೋರ್ ನೀರನ್ನು ಉಣ್ಣುತ್ತಲೇ ಇದ್ದೇವೆ ಅಲ್ಲವೇ?

ದೇಹಕ್ಕೆ ಏನಾಗುತ್ತದೆ?

ಇಂದು ಉಂಡರೆ ನಾಳೆ ಕಾಣುವ ರೋಗವಲ್ಲ ಇದು. ವರ್ಷಗಟ್ಟಲೆ ಒಳಗೆ ಹೋದ ಮೇಲೆ ಎದೆ, ಬೆನ್ನಿನ ಮೇಲೆ ಕಪ್ಪು-ಬಿಳಿ ಚುಕ್ಕೆ ಮೂಡುತ್ತವೆ. ಅಂಗೈ ಅಂಗಾಲಿನಲ್ಲಿ ಆಣಿಯಂಥ ಗಂಟುಗಳು ಏಳುತ್ತವೆ. ಮುಂದೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಇದೆ. ಗರ್ಭದಲ್ಲಿರುವ ಮಗುವಿಗೂ ಇದು ತಲುಪುತ್ತದೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಇದು ಕುಷ್ಠವಲ್ಲ, ಅಂಟುರೋಗವೂ ಅಲ್ಲ. ಕೈ ಮೇಲೆ ಚುಕ್ಕೆ ಬಂತೆಂದು ಹೆಣ್ಣುಮಗಳನ್ನು ದೂರ ಇಡುವುದು, ಸಂಬಂಧ ಮುರಿಯುವುದು ಅನ್ಯಾಯ. ಆಕೆಗೆ ಬೇಕಾದದ್ದು ವೈದ್ಯರ ತಪಾಸಣೆ ಮತ್ತು ಶುದ್ಧ ನೀರು. ವಿಷ ಒಳಗೆ ಹೋಗುವುದನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ.

ಮನೆಯಲ್ಲಿ ನಾವು ಮಾಡಬೇಕಾದದ್ದು

1. ಫಿಲ್ಟರ್ ನೀರನ್ನು ಅಡಿಗೆಗೂ ಬಳಸಿ. ಇನ್ನೊಂದು ಕೊಡ ಹೊರುವುದು ಕಷ್ಟವೇ. ಆದರೆ ಸ್ನಾನಕ್ಕೆ, ಬಟ್ಟೆ ಒಗೆಯಲು, ಮನೆ ತೊಳೆಯಲು ಬೋರ್ ನೀರು ಸಾಕು. ಒಳಗೆ ಹೋಗುವ ನೀರು ಮಾತ್ರ ಶುದ್ಧವಿರಲಿ.
2. ಕೂಸಿನ ಗಂಜಿ, ಹಾಲಿನ ಪುಡಿ ಕಲಸಲು ಬೋರ್ ನೀರು ಬೇಡವೇ ಬೇಡ. ಎದೆಹಾಲು ನಿಲ್ಲಿಸಬೇಡಿ. ತಾಯಿಯ ಹಾಲಿಗೆ ಆರ್ಸೆನಿಕ್ ಬಹಳ ಕಡಿಮೆ ಇಳಿಯುತ್ತದೆ.
3. ಬಸುರಿಯರಿಗೆ ಮಣ್ಣು ತಿನ್ನುವ ಆಸೆಯಾಗುವುದುಂಟು. ಗಣಿ ಸೀಮೆಯಲ್ಲಿ ಇದು ಎರಡು ಪಟ್ಟು ಅಪಾಯ. ಆಶಾ ಕಾರ್ಯಕರ್ತೆಗೆ ತಿಳಿಸಿ, ರಕ್ತಹೀನತೆ ಪರೀಕ್ಷೆ ಮಾಡಿಸಿ.
4. ಗಣಿ ದಿಬ್ಬದ ಮಣ್ಣನ್ನು ಗೋಡೆಗೆ, ಅಂಗಳಕ್ಕೆ ತರಬೇಡಿ. ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ. ಊಟದ ಮುಂಚೆ ಕೈ ತೊಳೆಸಿ.
5. ಸೊಪ್ಪನ್ನು ಮಣ್ಣು ಹೋಗುವ ತನಕ ತೊಳೆಯಿರಿ. ಗಜ್ಜರಿ, ಮೂಲಂಗಿಯ ಸಿಪ್ಪೆ ತೆಗೆಯಿರಿ.
6. ಬೇಳೆ, ಕಾಳು, ಮೊಟ್ಟೆ, ಸೊಪ್ಪು ಉಣ್ಣಿ. ಒಳ್ಳೆಯ ಊಟ ಮಾಡುವವರ ದೇಹ ಈ ವಿಷವನ್ನು ಹೊರಹಾಕಲು ಹೆಚ್ಚು ಶಕ್ತವಾಗಿರುತ್ತದೆ.

ಸಂಘದಿಂದ ಮಾಡಬೇಕಾದದ್ದು

ಊರಿನ ಪ್ರತಿ ಬೋರಿನ ನೀರೂ ಒಂದೇ ಅಲ್ಲ. ಒಂದರಲ್ಲಿ ವಿಷವಿದ್ದರೆ ಪಕ್ಕದ್ದರಲ್ಲಿ ಇರದೇ ಇರಬಹುದು. ಪರೀಕ್ಷೆಯಿಲ್ಲದೆ ತಿಳಿಯುವುದಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ಅವಕಾಶವಿದೆ. ನಿಮ್ಮ ಊರಿನ ಐವರು ಯಾರು? ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಆದರೆ ಎಲ್ಲ ಕಿಟ್‌ಗಳಲ್ಲೂ ಆರ್ಸೆನಿಕ್ ಪರೀಕ್ಷೆ ಇರುವುದಿಲ್ಲ. ಆದ್ದರಿಂದ "ಆರ್ಸೆನಿಕ್ ಪರೀಕ್ಷೆಯೂ ಆಗಬೇಕು" ಎಂದು ಅರ್ಜಿಯಲ್ಲಿ ಬರೆದು, ನೀರಿನ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಲು ಕೇಳಿ. ಅರ್ಜಿಯ ಪ್ರತಿಗೆ ಸಹಿ ಪಡೆದು ಸಂಘದ ಫೈಲಿನಲ್ಲಿಡಿ. ವರದಿಯನ್ನು ಗ್ರಾಮಸಭೆಯಲ್ಲಿ ಓದಿಸಿ. ಕೆಟ್ಟ ಬೋರಿಗೆ ಕೆಂಪು ಬಣ್ಣ, ಒಳ್ಳೆಯದಕ್ಕೆ ಹಸಿರು ಬಣ್ಣ ಹಚ್ಚಿಸಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೀಗೆಯೇ ಮಾಡಿದರು. ಓದು ಬಾರದ ಅಜ್ಜಿಗೂ ಅದು ಅರ್ಥವಾಗುತ್ತದೆ.

ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಸುಮ್ಮನಿರಬೇಡಿ. ಸುರಕ್ಷಿತ ಕುಡಿಯುವ ನೀರು ಮನುಷ್ಯರ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಬರೆದ ಪತ್ರದಲ್ಲಿ ಸಾರಿದ್ದಾರೆ. ಹಕ್ಕನ್ನು ಒಬ್ಬಳೇ ಕೇಳಿದರೆ ಯಾರ ಕಿವಿಗೂ ಬೀಳದು, ಇಪ್ಪತ್ತು ಜನ ಸೇರಿ ಕೇಳಿದರೆ ಬೀಳುತ್ತದೆ. ಸಂಘ ಇರುವುದು ಅದಕ್ಕೇ.

ಸಭೆಯಲ್ಲಿ ಚರ್ಚಿಸಿರಿ

• ನಮ್ಮ ಮನೆಗಳಲ್ಲಿ ಅಡಿಗೆಗೆ ಯಾವ ನೀರು ಬಳಸುತ್ತಿದ್ದೇವೆ? ಪ್ರತಿ ಸದಸ್ಯೆ ಹೇಳಲಿ.
• ನಮ್ಮೂರಿನ ಬೋರ್ ನೀರಿನ ಆರ್ಸೆನಿಕ್ ಪರೀಕ್ಷೆ ಆಗಿದೆಯೇ? ವರದಿ ಎಲ್ಲಿದೆ?
• ಅರ್ಜಿ ಬರೆಯುವವರು ಯಾರು, ಪಂಚಾಯಿತಿಗೆ ಹೋಗುವವರು ಯಾರು, ಯಾವ ದಿನ? ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.