ಮನೆ ಕೊಡುವ ಮುನ್ನ ದಿನಚರಿ ಕೇಳು

ನೋಡಮ್ಮ, ಶೆಲ್ಟರ್‌ನಲ್ಲಿ ಬಾಲ ಆಡಿಸಿಕೊಂಡು ಜಾಲರಿಗೆ ಮೈ ಉಜ್ಜುವ ಮರಿಗಳಿಗೆ ಹೇಗೋ ಮನೆ ಸಿಗುತ್ತದೆ. ಗೋಡೆಗೆ ಮುಖ ಮಾಡಿ ಮಲಗಿ, ಎಲ್ಲರೂ ಹೋದ ಮೇಲೆ ಕತ್ತಲಲ್ಲಿ ಅನ್ನ ತಿನ್ನುವ ನಾಯಿಗೂ ಒಂದು ಮನೆ ಹುಡುಕಲೇಬೇಕು ಅಂತ ನಿನಗೆ ಹಟ ಹುಟ್ಟಿದೆ. ಹಟ ಇರಲಿ, ಆತುರ ಬೇಡ. ಈ ಕೆಲಸದಲ್ಲಿ ತಲೆ ನರೆಸಿಕೊಂಡವಳಾಗಿ ಒಂದು ಮಾತು ಹೇಳುತ್ತೇನೆ: ಹೆದರುವ ನಾಯಿಗೆ ಮನೆ ಹುಡುಕುವಾಗ ಆ ಮನೆಯವರ ಕರುಣೆ ಎಷ್ಟು ಅಂತ ಅಳೆಯಬೇಡ, ಅವರ ದಿನಚರಿ ಏನು ಅಂತ ಕೇಳು.

ಮೊದಲು ಭಯ ಎಲ್ಲಿಂದ ಬಂತು ಅನ್ನುವುದನ್ನು ತಿಳಿದುಕೋ. ಬಂದವರೆಲ್ಲ ‘ಪಾಪ, ಯಾರೋ ಹೊಡೆದಿರಬೇಕು’ ಅನ್ನುತ್ತಾರೆ. ಕೆಲವಕ್ಕೆ ಹೊಡೆತ ಬಿದ್ದಿರುವುದು ನಿಜ. ಆದರೆ ಎಷ್ಟೋ ನಾಯಿಗಳಿಗೆ ಯಾರೂ ಏನೂ ಮಾಡಿರುವುದಿಲ್ಲ. ಮರಿಯಾಗಿದ್ದಾಗ ಮನುಷ್ಯರ ಕೈ ಒಮ್ಮೆಯೂ ಸೋಕಿರುವುದಿಲ್ಲ, ಅಷ್ಟೇ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ಮರಿಗೆ 3ನೇ ವಾರದಿಂದ ಸುಮಾರು 12–14ನೇ ವಾರದವರೆಗೆ ಯಾರ ಒಡನಾಟ ಸಿಗುತ್ತದೋ ಅವರನ್ನೇ ಅದು ತನ್ನವರು ಅಂದುಕೊಳ್ಳುತ್ತದೆ. ಅಲ್ಲಿಯೇ ನಡೆದ ಇನ್ನೊಂದು ಪ್ರಯೋಗದಲ್ಲಿ 14 ವಾರ ಮನುಷ್ಯರ ಸುಳಿವಿಲ್ಲದೆ ಬೆಳೆದ ಮರಿಗಳು ಆಮೇಲೆ ಕಾಡುಪ್ರಾಣಿಗಳ ಹಾಗೆ ದೂರ ಓಡಿದವು. ನಮ್ಮ ಮೋರಿಯೊಳಗೆ, ಖಾಲಿ ಸೈಟಿನ ಪೊದೆಯಲ್ಲಿ ಹುಟ್ಟಿ ಬೆಳೆದ ಮರಿಯದ್ದೂ ಅದೇ ಕಥೆ. ಅದಕ್ಕೆ ಸಮಾಧಾನಕ್ಕಿಂತ ಹೆಚ್ಚಾಗಿ ಬೇಕಿರುವುದು ಪರಿಚಯ. ಪರಿಚಯ ಬೆಳೆಯುವುದು ಇವತ್ತು ನಡೆದದ್ದೇ ನಾಳೆಯೂ ಅದೇ ಹೊತ್ತಿಗೆ ನಡೆಯುವ ಮನೆಯಲ್ಲಿ.

ಇನ್ನೊಂದು ಪ್ರಶ್ನೆಯನ್ನು ಕೇಳಲು ನಿನ್ನಂಥ ಒಳ್ಳೆಯ ಮನಸ್ಸಿನವರು ಹಿಂಜರಿಯುತ್ತಾರೆ. ಈ ನಾಯಿಗೆ ನಿಜವಾಗಿ ಮನೆ ಬೇಕಾ? ತನ್ನ ಬೀದಿಯಲ್ಲಿ ಬೇಕರಿ ಮುಂದೆ ನೆಮ್ಮದಿಯಾಗಿದ್ದ ನಾಯಿ ಆಪರೇಷನ್‌ಗೆ ಬಲೆ ಹಾಕಿ ತಂದಾಗ ಕೆನಲ್‌ನಲ್ಲಿ ಮುದುಡಿ ಕೂತರೆ ಅದು ಹೆದರಿರುವುದು ಈ ಜಾಗಕ್ಕೆ. ಸಂತಾನಹರಣ ಮಾಡಿ ಲಸಿಕೆ ಹಾಕಿದ ಬೀದಿನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು ಅಂತ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೇ ಹೇಳುತ್ತವೆ. ಅದಕ್ಕೆ ಸರಿಯಾದ ನೆಲೆ ಅದರ ಬೀದಿಯೇ. ಆದರೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡಬಾರದು, ಶೆಲ್ಟರ್‌ಗೆ ಸೇರಿಸಬೇಕು ಅಂತ ಆದೇಶ ಕೊಟ್ಟಿತು. ಹಿಂತಿರುಗಲು ಬೀದಿಯೇ ಇಲ್ಲದ ಇಂಥವುಗಳಿಗೆ, ಮೂರು ಕಾಲಿನವಕ್ಕೆ, ಮನೆಯಿಂದ ಹೊರಗೆ ಬಿದ್ದವಕ್ಕೆ ನೀನು ಮನೆ ಹುಡುಕು.

ಹುಡುಕುವ ಮುಂಚೆ ನಾಯಿಯನ್ನು ಓದು. ‘ತುಂಬಾ ಹೆದರುತ್ತೆ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವುದಕ್ಕೆ, ಎಷ್ಟು ದೂರದಿಂದ, ಎಷ್ಟು ಹೊತ್ತು? ಹೆಲ್ಮೆಟ್ ಹಾಕಿದವರಿಗಾ, ಪೊರಕೆಗಾ, ಸ್ಟೀಲ್ ತಟ್ಟೆ ಬಿದ್ದ ಸದ್ದಿಗಾ? ನೀನು ನಿದ್ದೆಯ ಆಕಳಿಕೆ ಅಂದುಕೊಂಡದ್ದು ನಿದ್ದೆಯದ್ದಲ್ಲದಿರಬಹುದು. ಊಟವಿಲ್ಲದೆ ತುಟಿ ನೆಕ್ಕುವುದು, ತಲೆ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ನೋಡುವುದು, ಇವೆಲ್ಲ ‘ಹತ್ತಿರ ಬರಬೇಡ’ ಅನ್ನುವ ಮಾತುಗಳೇ. ಡಾಕ್ಟರ ಮೇಜಿನಿಂದ ಇಳಿಸಿದ ಮೇಲೆ ಸ್ಟೀಲಿನ ಮೇಲೆ ನೋಡು, ನಾಲ್ಕು ಒದ್ದೆ ಹೆಜ್ಜೆ ಕಾಣುತ್ತವೆ. ನಾಯಿಯ ಅಂಗಾಲು ಭಯಕ್ಕೂ ಬೆವರುತ್ತದೆ. ಅಲ್ಲಾಡದೆ ನಿಂತು, ‘ಎಷ್ಟು ಸಾಧು’ ಅಂತ ಎಲ್ಲರಿಂದ ಹೊಗಳಿಸಿಕೊಂಡ ನಾಯಿಯ ಹೆಜ್ಜೆಯೇ ಎಲ್ಲಕ್ಕಿಂತ ಹೆಚ್ಚು ಒದ್ದೆಯಾಗಿರಬಹುದು. ಕಲ್ಲಾಗಿ ನಿಂತದ್ದನ್ನು ಸಾಧು ಸ್ವಭಾವ ಅಂತ ಬರೆದು ಮನೆಗೆ ಕಳಿಸಿದರೆ ಮೊದಲ ವಾರದಲ್ಲೇ ಯಾರದೋ ಕೈಗೆ ಹಲ್ಲು ತಾಗುತ್ತದೆ.

ಈಗ ಮನೆಯ ವಿಷಯಕ್ಕೆ ಬರೋಣ. ಹೆಣ್ಣು ಕೊಡುವವರು ಗಂಡಿನ ಮನೆ ವಿಚಾರಿಸುವ ಹಾಗೆ ವಿಚಾರಿಸು, ಸಂಕೋಚ ಪಡಬೇಡ. ‘ನಿಮಗೆ ನಾಯಿ ಇಷ್ಟವಾ’ ಅಂತ ಕೇಳುವುದೇ ಬೇಡ, ಇಷ್ಟವಿಲ್ಲದವರು ಇಲ್ಲಿಗೆ ಯಾಕೆ ಬರುತ್ತಾರೆ? ನಿಮ್ಮ ಗೇಟು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ? ಗೇಟಿಗೂ ಬಾಗಿಲಿಗೂ ಮಧ್ಯೆ ಇನ್ನೊಂದು ತಡೆ ಇದೆಯಾ? ಪುಟ್ಟ ಮಕ್ಕಳಿದ್ದಾರಾ? ಸಂಜೆ ಟ್ಯೂಷನ್ ನಡೆಯುತ್ತಾ? ಲಿಫ್ಟ್ ಹತ್ತದೆ ಹೊರಗೆ ಬರಬಹುದಾ? ನಾಯಿ ಮೂರು ತಿಂಗಳು ನಿಮ್ಮ ಹತ್ತಿರ ಬರದಿದ್ದರೆ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ ‘ಪ್ರೀತಿ ಕೊಟ್ಟರೆ ಬಂದೇ ಬರುತ್ತೆ’ ಅಂದವರಿಗಿಂತ ‘ಇರಲಿ ಬಿಡಿ, ಅದರ ಪಾಡಿಗೆ ಅದು’ ಅಂದವರ ಹೆಸರಿನ ಮುಂದೆ ಟಿಕ್ ಹಾಕು.

ಅವರ ಮನೆಯಲ್ಲಿ ಆಗಲೇ ಒಂದು ಸಮಾಧಾನದ ನಾಯಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅಮೆರಿಕದ ನಾರ್ತ್ ಕರೊಲಿನಾದಲ್ಲಿ ಅತಿ ಹೆದರುವ ನಾಯಿಗಳಿಗೆಂದೇ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆ 2018ರಲ್ಲಿ ತೆರೆದ ಕೇಂದ್ರದಲ್ಲೂ ಧೈರ್ಯದ ನಾಯಿಗಳನ್ನು ಜೊತೆಗೆ ಬಿಟ್ಟು ಕಲಿಸುತ್ತಾರೆ. ನಮ್ಮಲ್ಲಿದ್ದ ಒಂದು ಕಂದು ಹೆಣ್ಣುನಾಯಿ ಒಬ್ಬ ರಿಟೈರ್ಡ್ ಮೇಷ್ಟರ ಮನೆಗೆ ಹೋಯಿತು. ಅವರ ಮನೆಯಲ್ಲಿ ಒಂದು ಮುದಿ ನಾಯಿ ಇತ್ತು. ಮೇಷ್ಟರು ಬೆಳಿಗ್ಗೆ ಜಗಲಿಯಲ್ಲಿ ಪೇಪರ್ ಹಿಡಿದು ಕೂತರೆ ಮುದುಕ ಬಂದು ಕಾಲ ಬುಡದಲ್ಲಿ ಮಲಗುತ್ತಿದ್ದ. ಅವರು ಪೇಪರಿನಿಂದ ಕಣ್ಣು ತೆಗೆಯದೆ ಅವನಿಗೊಂದು ಬಿಸ್ಕತ್ತು ಕೊಟ್ಟು, ಇನ್ನೊಂದನ್ನು ಬಾಗಿಲ ಕಡೆಗೆ ಜಾರಿಸುತ್ತಿದ್ದರು. ಕರೆಯಲಿಲ್ಲ, ಪುಸಲಾಯಿಸಲಿಲ್ಲ. ಹೊಸ್ತಿಲಾಚೆ ಬೀಳುತ್ತಿದ್ದ ಬಿಸ್ಕತ್ತು ದಿನಕಳೆದಂತೆ ಕುರ್ಚಿಯ ಹತ್ತಿರ ಬಿತ್ತು. ಕಂದು ನಾಯಿಗೆ ಮೇಷ್ಟರನ್ನು ನಂಬಲು ಹೇಳಿಕೊಟ್ಟದ್ದು ಆ ಮುದುಕ. ಅದೇ ನಾಯಿಯನ್ನು ಕೇಳಿಕೊಂಡು ಬಂದಿದ್ದ, ಅಕ್ಕರೆಯಿಂದ ಅಪ್ಪಿಕೊಳ್ಳುವ ಕಾಲೇಜು ಹುಡುಗಿಯರ ಪಿಜಿಗೆ ಹೋಗಿದ್ದರೆ ಅದು ಮಂಚದ ಕೆಳಗಿಂದ ಈಚೆ ಬರುತ್ತಿರಲಿಲ್ಲ.

ತೋಟದ ಮನೆ ಅಂದ ಕೂಡಲೇ ಕುಣಿಯಬೇಡ. ‘ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ, ಹಾಯಾಗಿ ಓಡಾಡಿಕೊಂಡಿರುತ್ತೆ’ ಅನ್ನುತ್ತಾರೆ. ಹೆದರುವ ನಾಯಿಗೆ ಬೇಲಿಯಿಲ್ಲದ ತೋಟವೆಂದರೆ ಓಡಿಹೋಗಲು ಸಿಕ್ಕ ಎಕರೆಗಟ್ಟಲೆ ದಾರಿ. ಸರಪಳಿ ಹಾಕಿದರೆ ಭಯ ಇನ್ನೂ ಹೆಚ್ಚುತ್ತದೆ. ಮಲೆನಾಡಿನಲ್ಲಿ ಹೊರಗೆ ಕಟ್ಟಿದ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಗುವುದು ಹೊಸತೇನಲ್ಲ. ರಾತ್ರಿ ಒಳಗೆ ಮಲಗಿಸುತ್ತೀರಾ ಅಂತ ಮೊದಲು ಕೇಳು. ಉತ್ತರ ತಡವಾದರೆ ಕಾಫಿ ಕುಡಿದು ಎದ್ದು ಬಾ.

ಕಳಿಸುವ ದಿನ ಮೈಯೆಲ್ಲ ಕಣ್ಣಾಗಿರಬೇಕು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಬೆಲ್ಟಿನಿಂದ ತಲೆ ಕಳಚಿಕೊಳ್ಳುತ್ತದೆ. ಎಳೆದರೆ ಬಿಗಿಯಾಗುವ ಬೆಲ್ಟು ಒಂದು, ಮೈಗೆ ಹಾರ್ನೆಸ್ ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ. ಫೋನ್ ನಂಬರಿನ ಬಿಲ್ಲೆ ಇಲ್ಲಿಂದಲೇ ಕಟ್ಟಿ ಕಳಿಸು. ಮೊದಲು ಒಂದೇ ಕೋಣೆ ಸಾಕು, ಇಡೀ ಮನೆ ತೋರಿಸುವುದು ಬೇಡ. ಸ್ನಾನ ಬೇಡ, ನೋಡಲು ಬರುವ ನೆಂಟರು ಬೇಡ, ಫೋಟೊ ಬೇಡ. ದೀಪಾವಳಿ ಹತ್ತಿರವಿದ್ದರೆ ಪಟಾಕಿ ಮುಗಿಯುವ ತನಕ ಕಳಿಸಲೇಬೇಡ. ಭಯ ಊಟ ನಿದ್ದೆಯನ್ನೇ ಕೆಡಿಸುವಷ್ಟಿದ್ದರೆ ಅದಕ್ಕೂ ಮಾತ್ರೆಗಳಿವೆ, ಡಾಕ್ಟರನ್ನು ಕೇಳಲು ನಾಚಿಕೆ ಯಾಕೆ? ಹೊಸ ಮನೆಗೆ ಹೊಂದಿಕೊಳ್ಳಲು ‘ಮೂರು ದಿನ, ಮೂರು ವಾರ, ಮೂರು ತಿಂಗಳು’ ಅನ್ನುವ ಲೆಕ್ಕ ಜನರ ಬಾಯಲ್ಲಿ ಓಡಾಡುತ್ತದೆ. ಸಾಮಾನ್ಯ ನಾಯಿಗೆ ಅದು ಸರಿಹೋಗಬಹುದು, ಇದಕ್ಕೆ ವರ್ಷವೂ ಹಿಡಿಯಬಹುದು ಅಂತ ಮೊದಲೇ ಬಾಯಿಬಿಟ್ಟು ಹೇಳಿಬಿಡು.

ಸತ್ಯ ಹೇಳಿದರೆ ಯಾರೂ ಒಯ್ಯುವುದಿಲ್ಲ ಅಂತ ನಿನಗೆ ಅನ್ನಿಸುತ್ತದೆ. ಹೌದು, ಹತ್ತು ಜನ ಎದ್ದು ಹೋಗುತ್ತಾರೆ. ಹೋಗಲಿ. ಮಕ್ಕಳು ಮರಿ, ಗದ್ದಲ ತುಂಬಿದ ಮನೆಯವರನ್ನು ಬರಿಗೈಲಿ ಕಳಿಸಬೇಕಿಲ್ಲ. ಜಾಲರಿಗೆ ಮೈ ಉಜ್ಜುವವನನ್ನು ಅವರಿಗೆ ಕೊಡು, ಇಬ್ಬರಿಗೂ ಹಬ್ಬ. ಸರಿಬರದಿದ್ದರೆ ಯಾವತ್ತಾದರೂ ವಾಪಸು ತಂದುಬಿಡಿ, ಬೈಯುವುದಿಲ್ಲ ಅಂತ ಬರೆದುಕೊಡು. ಬೈಗುಳಕ್ಕೆ ಹೆದರಿದವರೇ ನಾಯಿಯನ್ನು ರಿಂಗ್ ರೋಡಿನಲ್ಲಿ ಇಳಿಸಿ ಹೋಗುತ್ತಾರೆ. ತಂದವರನ್ನು ಕೂರಿಸಿ, ಏನಾಯಿತು ಅಂತ ಕೇಳಿ ಪುಸ್ತಕದಲ್ಲಿ ಬರೆದುಕೋ. ಮಿಕ್ಸಿ ಸದ್ದಿಗೆ ಓಡುತ್ತಿತ್ತು, ಅಜ್ಜಿಯ ಪಕ್ಕ ಮಾತ್ರ ಮಲಗುತ್ತಿತ್ತು ಅನ್ನುವುದೆಲ್ಲ ನಮ್ಮ ಕೆನಲ್‌ನಲ್ಲಿ ನಿನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಮುಂದಿನ ಮನೆಗೆ ಫೋನ್ ಮಾಡುವಾಗ ಆ ಪುಟ ಮುಂದಿಟ್ಟುಕೊಂಡೇ ಮಾತು ಶುರುಮಾಡು.