ಅರ್ಥ ಮೊದಲು, ಓದು ಆಮೇಲೆ: ಪದವಿಯಲ್ಲಿ ಅರಬ್ಬಿ ಕಲಿಯುವವರಿಗೆ

ಕನ್ನಡದಲ್ಲಿ ಕಾಗುಣಿತ ಬಂದರೆ ಓದು ಬಂದಂತೆಯೇ. ಮೂರನೇ ತರಗತಿಯ ಮಗು ಪತ್ರಿಕೆಯ ಸಂಪಾದಕೀಯವನ್ನೂ ಗಟ್ಟಿಯಾಗಿ ಓದಿಬಿಡುತ್ತದೆ, ಅರ್ಥ ಆಗಲೇಬೇಕೆಂದಿಲ್ಲ. ಅರಬ್ಬಿಯಲ್ಲಿ ಇದು ತಿರುವುಮುರುವು. ಅಲ್ಲಿ ಪತ್ರಿಕೆ, ಕಾದಂಬರಿ, ಅಂಗಡಿಯ ಬೋರ್ಡು ಯಾವುದರಲ್ಲೂ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕ, ತ, ಬ ಎಂಬ ಮೂರು ವ್ಯಂಜನಗಳು ಒಟ್ಟಿಗೆ ಬಂದರೆ ಅದು ‘ಕತಬ’ (ಬರೆದನು) ಆಗಿರಬಹುದು, ‘ಕುತಿಬ’ (ಬರೆಯಲಾಯಿತು) ಆಗಿರಬಹುದು, ‘ಕುತುಬ್’ (ಪುಸ್ತಕಗಳು) ಕೂಡ ಆಗಿರಬಹುದು. ಯಾವುದೆಂದು ತೀರ್ಮಾನವಾಗುವುದು ಇಡೀ ವಾಕ್ಯ ಅರ್ಥವಾದ ಮೇಲೆ. ಪದವಿಯ ಮೂರೂ ವರ್ಷ ನೀವು ಮಾಡಬೇಕಾದದ್ದು ಈ ಒಂದು ಸಾಮರ್ಥ್ಯದ ತಯಾರಿ. ಇದು ಮೊದಲೇ ಗೊತ್ತಿದ್ದರೆ ‘ಇಷ್ಟೊಂದು ವ್ಯಾಕರಣ ಯಾಕೆ’ ಎಂಬ ಬೇಸರ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಅರಬ್ಬಿಯಲ್ಲಿ ವ್ಯಾಕರಣವನ್ನೂ ಓದನ್ನೂ ಬೇರೆ ಮಾಡಲು ಬರುವುದಿಲ್ಲ.

ಸೇರುವ ಮುನ್ನ

ಎಲ್ಲಿ ಓದಬೇಕೆನ್ನುವ ಮೊದಲು ಏಕೆ ಓದಬೇಕೆಂದು ಕೇಳಿಕೊಳ್ಳಿ. ಸಾಹಿತ್ಯ, ಇತಿಹಾಸ, ಧರ್ಮಶಾಸ್ತ್ರ ಓದುವ ಆಸೆಯಿದ್ದವರಿಗೆ ಒಂದು ದಾರಿ. ಅನುವಾದ, ಆಸ್ಪತ್ರೆಯ ದುಭಾಷಿ ಕೆಲಸ, ಗಲ್ಫ್ ದೇಶಗಳಲ್ಲಿ ಉದ್ಯೋಗ ಬೇಕೆನ್ನುವವರಿಗೆ ಇನ್ನೊಂದು. ಮೊದಲ ವರ್ಷ ಎರಡೂ ಒಂದೇ ದಾರಿಯಲ್ಲಿ ಸಾಗುತ್ತವೆ, ಎರಡನೇ ವರ್ಷದಿಂದ ಕವಲೊಡೆಯುತ್ತವೆ.

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ದೆಹಲಿ ವಿಶ್ವವಿದ್ಯಾಲಯ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ (ಇಫ್ಲು), ನಮ್ಮ ನೆರೆಯ ಕೇರಳದ ಕ್ಯಾಲಿಕಟ್ ವಿಶ್ವವಿದ್ಯಾಲಯ, ಇವೆಲ್ಲದರಲ್ಲೂ ಅರಬ್ಬಿ ಕಲಿಯಬಹುದು. ಜೆಎನ್‌ಯುವಿನ ಬಿ.ಎ.ಗೆ ಸಿಯುಇಟಿ ಪರೀಕ್ಷೆ ಬರೆಯಬೇಕು. ಅಲ್ಲಿ ಭಾಷೆಯ ಗಂಧವೇ ಇಲ್ಲದವರಿಗೂ ಅಕ್ಷರದಿಂದ ಕಲಿಸುತ್ತಾರೆ. ಎಲ್ಲ ಕಡೆಯೂ ಹಾಗಿರುವುದಿಲ್ಲ. ಶಾಲೆಯಲ್ಲೋ ಮದರಸಾದಲ್ಲೋ ಓದಿಕೊಂಡು ಬಂದವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಪಠ್ಯ ಮಾಡಿರುವ ವಿಭಾಗಗಳೂ ಇವೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಮೊದಲ ಸೆಮಿಸ್ಟರಿನ ಪಠ್ಯಕ್ರಮ ತರಿಸಿಕೊಂಡು ನೋಡಿ. ಅದರಲ್ಲಿ ಲಿಪಿ ಪರಿಚಯ ಇದೆಯೋ ಇಲ್ಲವೋ ಎಂಬುದೊಂದೇ ಸಾಕು, ಆ ವಿಭಾಗ ಯಾರಿಗಾಗಿ ಎಂದು ತಿಳಿಯುತ್ತದೆ. ಕರ್ನಾಟಕದ ಪಿಯುಸಿಯಲ್ಲಿ ಅರೇಬಿಕ್ ಒಂದು ಭಾಷಾ ವಿಷಯ. ಅದನ್ನು ತೆಗೆದುಕೊಂಡವರಿಗೆ ಈ ಚಿಂತೆ ಕಡಿಮೆ. ಪೂರ್ಣ ಪದವಿ ಬೇಡವೆನ್ನುವವರಿಗೆ ಹಲವು ವಿಶ್ವವಿದ್ಯಾಲಯಗಳಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸುಗಳಿವೆ.

ರಜೆಯಲ್ಲೇ ಲಿಪಿ ಮುಗಿಸಿ

ಅಕ್ಷರಗಳು 28. ಬಲದಿಂದ ಎಡಕ್ಕೆ ಬರವಣಿಗೆ. ಪದದ ಆರಂಭ, ನಡು, ಕೊನೆಯಲ್ಲಿ ಒಂದೇ ಅಕ್ಷರದ ಆಕಾರ ಬದಲಾಗುತ್ತದೆ, ಒಂಟಿಯಾಗಿ ನಿಂತಾಗ ಇನ್ನೊಂದು ಆಕಾರ. ಕೇಳಲು ಭಯವಾದರೂ ನಮ್ಮ ಒತ್ತಕ್ಷರಗಳನ್ನು ಕಲಿತ ಕೈಗೆ ಇದೇನೂ ಹೊರೆಯಲ್ಲ. ಅಲಿಫ್, ದಾಲ್, ಧಾಲ್, ರಾ, ಝಾಯ್, ವಾವ್ ಎಂಬ ಆರು ಅಕ್ಷರಗಳು ಮಾತ್ರ ಮುಂದಿನ ಅಕ್ಷರಕ್ಕೆ ಕೂಡಿಕೊಳ್ಳುವುದಿಲ್ಲ. ಈ ಆರನ್ನು ಮೊದಲು ಗಟ್ಟಿ ಮಾಡಿಕೊಂಡರೆ ಪದಗಳು ಎಲ್ಲಿ ತುಂಡಾಗುತ್ತವೆ ಎಂಬ ಗೊಂದಲ ಹೋಗುತ್ತದೆ. ಮೊಬೈಲಿನಲ್ಲಿ ಅಲ್ಲ, ಕೈಯಲ್ಲಿ ಬರೆಯಿರಿ. ದಿನಕ್ಕೆ ಮೂರು ನಾಲ್ಕು ಅಕ್ಷರ ಸಾಕು.

ಕನ್ನಡ ಲಿಪಿಯಲ್ಲಿ ಅರಬ್ಬಿ ಬರೆದುಕೊಳ್ಳುವ ಅಭ್ಯಾಸವನ್ನು ಎರಡು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ‘ಕಲ್ಬ್’ ಎಂದು ಬರೆದುಕೊಂಡಿರಿ ಅನ್ನಿ. ಗಂಟಲ ಆಳದ ಕಾಫ್ ಆದರೆ ಅದು ಹೃದಯ, ನಮ್ಮ ಸಾಮಾನ್ಯ ಕ ಆದರೆ ನಾಯಿ. ‘ತೀನ್’ ನಮ್ಮ ತ ಆದರೆ ಅಂಜೂರ, ನಾಲಿಗೆಯ ಹಿಂಬದಿಯನ್ನು ಮೇಲೆತ್ತಿ ಹೇಳುವ ದಪ್ಪ ತ ಆದರೆ ಕೆಸರು. ಕನ್ನಡದ ಪುಟದ ಮೇಲೆ ಈ ಜೋಡಿಗಳೆಲ್ಲ ಒಂದೇ ಆಗಿಬಿಡುತ್ತವೆ.

ಉಚ್ಚಾರಣೆಗೆ ಮೊದಲ ಎರಡು ತಿಂಗಳು ಧಾರಾಳವಾಗಿ ಸಮಯ ಕೊಡಿ, ಆಮೇಲೆ ತಿದ್ದುವುದು ಬಲು ಕಷ್ಟ. ಹಲ್ಲಿಗೆ ತಾಗಿಸಿ ಹೇಳುವ ತ, ದ ನಮಗೆ ಹುಟ್ಟಿನಿಂದಲೇ ಬಂದಿವೆ. ಕಲಿಯಬೇಕಾದವು ಗಂಟಲಿನ ಐನ್, ಉಸಿರು ಒತ್ತಿ ಬರುವ ಹಾ, ಖಾ, ಗೈನ್, ಕಾಫ್ ಮತ್ತು ಸಾದ್, ದಾದ್, ತಾ, ಝಾ ಎಂಬ ನಾಲ್ಕು ದಪ್ಪ ಅಕ್ಷರಗಳು. ಕಲ್ಬ್–ಕಲ್ಬ್, ತೀನ್–ತೀನ್ ಇಂಥ ಜೋಡಿಗಳನ್ನು ಅರಬ್ಬರ ಧ್ವನಿಯಲ್ಲಿ ಕೇಳಿ, ಫೋನಿನಲ್ಲಿ ನಿಮ್ಮ ಧ್ವನಿ ಮುದ್ರಿಸಿ, ಎರಡನ್ನೂ ಹೋಲಿಸಿ. ತರಗತಿಯಲ್ಲಿ ಮದರಸಾದಿಂದ ಬಂದ ಸಹಪಾಠಿ ಇದ್ದರೆ ಅವರ ಜತೆ ಕುಳಿತು ಓದಿ. ಕುರಾನ್ ಪಠಣದ ತಜ್ವೀದ್ ನಿಯಮಗಳು ಅವರ ನಾಲಿಗೆಯನ್ನು ಪಳಗಿಸಿರುತ್ತವೆ. ಇಂದಿನ ಪತ್ರಿಕೆಯ ಪದಗಳು, ಸಂಭಾಷಣೆ ಅವರಿಗೂ ಹೊಸದೇ, ಅಲ್ಲಿ ನೀವು ನೆರವಾಗಬಹುದು.

ಮೊದಲ ವರ್ಷ: ಕನ್ನಡದಿಂದ ಹೊರಡಿ

ಅರಬ್ಬಿ ಕಲಿಸುವ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಹೀಗಾಗಿ ಇಂಗ್ಲಿಷಿನವರ ಕಷ್ಟವನ್ನೆಲ್ಲ ನಮ್ಮ ಮಕ್ಕಳೂ ಹೊತ್ತುಕೊಳ್ಳುತ್ತಾರೆ. ಇದು ನನಗೆ ನಿಜಕ್ಕೂ ಸಂಕಟ ತರುವ ಸಂಗತಿ. ‘ಅರಬ್ಬಿಯ ವರ್ತಮಾನ ವಾಕ್ಯದಲ್ಲಿ ಇರುವಿಕೆಯನ್ನು ಹೇಳುವ ಕ್ರಿಯಾಪದ ಇಲ್ಲ’ ಎಂದು ಆ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ‘ಅನಾ ತಾಲಿಬ್’ ಎಂದರೆ ‘ನಾನು ವಿದ್ಯಾರ್ಥಿ’. ‘ಅಲ್-ಬೈತು ಕಬೀರ್’ ಎಂದರೆ ‘ಮನೆ ದೊಡ್ಡದು’. ಕನ್ನಡದಲ್ಲೂ ಅಲ್ಲಿ ಕ್ರಿಯಾಪದ ಬೇಕಿಲ್ಲವಲ್ಲ!

ವಿಭಕ್ತಿಯೂ ಹಾಗೆಯೇ. ಗ್ರಾಂಥಿಕ ಅರಬ್ಬಿಯಲ್ಲಿ ನಾಮಪದಕ್ಕೆ ಮೂರೇ ವಿಭಕ್ತಿ. ಕರ್ತೃವಿಗೆ ‘ಉ’, ಕರ್ಮಕ್ಕೆ ‘ಅ’, ಷಷ್ಠಿಗೂ ‘ಇಂದ, ಅಲ್ಲಿ’ ಬಗೆಯ ಪದಗಳ ನಂತರಕ್ಕೂ ‘ಇ’. ‘ಕತಬಲ್ ವಲದುದ್ ದರ್ಸ’ ಎಂದರೆ ‘ಹುಡುಗ ಪಾಠವನ್ನು ಬರೆದ’. ‘ವಲದು’ವಿನ ಉಕಾರ ಬರೆದವನು ಯಾರೆಂದು ತೋರಿಸುತ್ತದೆ, ‘ದರ್ಸ’ದ ಅಕಾರ ಏನನ್ನು ಬರೆದನೆಂದು. ದ್ವಿವಚನ ಇದೆ, ಹೈಸ್ಕೂಲಿನಲ್ಲಿ ಸಂಸ್ಕೃತ ಓದಿದವರಿಗೆ ಅದೇನೂ ಬೆಚ್ಚಿಬೀಳಿಸುವುದಿಲ್ಲ. ಮನುಷ್ಯರಲ್ಲದ ವಸ್ತುಗಳ ಬಹುವಚನಕ್ಕೆ ಅರಬ್ಬಿಯಲ್ಲಿ ಸ್ತ್ರೀಲಿಂಗ ಏಕವಚನದ ವಿಶೇಷಣ, ಕ್ರಿಯಾಪದ ಬರುತ್ತವೆ. ಇಂಗ್ಲಿಷಿನವರಿಗೆ ಇದು ತಲೆಬಿಸಿ. ‘ಪುಸ್ತಕಗಳು ಬಂತು’ ಎಂದು ಮಾತಾಡುವ ನಮಗೆ ಮನುಷ್ಯರಿಗೊಂದು ರೀತಿ, ವಸ್ತುಗಳಿಗೊಂದು ರೀತಿ ಎಂಬುದು ಸಹಜ. ನೋಟ್‌ಬುಕ್ಕಿನಲ್ಲಿ ವ್ಯಾಕರಣದ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಇಂಗ್ಲಿಷಿಗೆ ಹೋಗಿ ಬರುವ ಸುತ್ತುಬಳಸು ತಪ್ಪುತ್ತದೆ.

ಕನ್ನಡ ಕೈಹಿಡಿಯದ ಜಾಗಗಳೂ ಇವೆ. ಬಹುವಚನ ಅವುಗಳಲ್ಲಿ ದೊಡ್ಡದು. ನಮ್ಮಲ್ಲಿ ‘ಗಳು’ ಹಚ್ಚಿದರೆ ಮುಗಿಯಿತು. ಅಲ್ಲಿ ಪದದ ಒಳಗೇ ಬದಲಾವಣೆ: ಕಿತಾಬ್–ಕುತುಬ್, ಬೈತ್–ಬುಯೂತ್, ವಲದ್–ಅವ್ಲಾದ್, ಮದ್ರಸಾ–ಮದಾರಿಸ್. ಆದ್ದರಿಂದ ಯಾವ ನಾಮಪದವನ್ನೂ ಒಂಟಿಯಾಗಿ ಕಲಿಯಬೇಡಿ. ಏಕವಚನ, ಬಹುವಚನ ಜೋಡಿಯಾಗಿಯೇ ಬಾಯಿಪಾಠವಾಗಲಿ. ಕ್ರಿಯಾಪದವನ್ನು ಭೂತ, ವರ್ತಮಾನ, ಭಾವನಾಮ ಮೂರರ ಜತೆ ಕಲಿಯಿರಿ: ಕತಬ, ಯಕ್ತುಬು, ಕಿತಾಬಾ. ಮೂರರಿಂದ ಹತ್ತರವರೆಗಿನ ಸಂಖ್ಯೆಗಳು ಪುಲ್ಲಿಂಗ ಪದಕ್ಕೆ ಸ್ತ್ರೀಲಿಂಗ ರೂಪವನ್ನೂ ಸ್ತ್ರೀಲಿಂಗಕ್ಕೆ ಪುಲ್ಲಿಂಗ ರೂಪವನ್ನೂ ತಾಳುತ್ತವೆ. ಇದಕ್ಕೆ ಅಭ್ಯಾಸ ಬಿಟ್ಟು ಬೇರೆ ಮದ್ದಿಲ್ಲ.

ಪುಸ್ತಕದ ವಿಷಯಕ್ಕೆ ಬಂದರೆ, ತಮಿಳುನಾಡಿನ ವಾಣಿಯಂಬಾಡಿಯವರಾದ, ಮದೀನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ವಿ. ಅಬ್ದುರ್ ರಹೀಂ ಅವರ ‘ದುರೂಸುಲ್ ಲುಗತಿಲ್ ಅರಬಿಯ್ಯಾ’ ಮೂರು ಭಾಗಗಳು ಸ್ವಂತ ಓದಿಗೆ ಬಲು ಒಳ್ಳೆಯವು. ಚಿಕ್ಕ ವಾಕ್ಯ, ತುಂಬ ಅಭ್ಯಾಸ, ಒಂದು ಪಾಠಕ್ಕೆ ಒಂದೇ ನಿಯಮ. ಮಾತು ಮತ್ತು ಓದು ಎರಡನ್ನೂ ಕೂಡಿಸಿಕೊಂಡು ಹೋಗುವ ‘ಅಲ್-ಕಿತಾಬ್’ ಸರಣಿಯನ್ನು ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಪ್ರಕಟಿಸಿದೆ. ಅದಕ್ಕೆ ಮೇಷ್ಟ್ರ ನೆರವು ಬೇಕು.

ದಿನಕ್ಕೆ ಎಷ್ಟು ಹೊತ್ತು? ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ಇಂಗ್ಲಿಷ್ ಭಾಷಿಕರಿಗೆ ಅರಬ್ಬಿಯನ್ನು ಅತಿ ಕಠಿಣ ವರ್ಗದಲ್ಲಿಟ್ಟು 2,200 ತರಗತಿ ಗಂಟೆಗಳನ್ನು ಅಂದಾಜು ಮಾಡಿದೆ. ತರಗತಿಯ ಪಾಠ ಒಂದನ್ನೇ ನಂಬಿದರೆ ಅಷ್ಟು ದೂರ ಹೋಗುವುದು ಕಷ್ಟ. ದಿನಕ್ಕೆ ಎರಡು ಗಂಟೆ ಸ್ವಂತ ಓದು, ಅದರಲ್ಲಿ ಅರ್ಧ ಗಂಟೆ ಗಟ್ಟಿಯಾಗಿ ಓದುವುದಕ್ಕೆ ಎಂದು ನಿಗದಿ ಮಾಡಿಕೊಳ್ಳಿ.

ನಿಘಂಟು ತೆರೆಯುವ ಕಲೆ

ಎರಡನೇ ವರ್ಷದ ಹೊತ್ತಿಗೆ ಮೂಲಧಾತುವಿನ ವ್ಯವಸ್ಥೆ ಕೈವಶವಾಗಬೇಕು. ಪದಗಳು ಬಹುತೇಕ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಹ್ಯಾನ್ಸ್ ವೇರ್ ಅವರ ನಿಘಂಟು ಜಗತ್ತಿನ ಬಹುತೇಕ ಅರಬ್ಬಿ ವಿದ್ಯಾರ್ಥಿಗಳ ಕೈಯಲ್ಲಿರುವಂಥದ್ದು. ಅದರಲ್ಲಿ ಪದಗಳು ಧಾತುವಿನ ಅಡಿಯಲ್ಲಿ ಕೂತಿರುತ್ತವೆ. ‘ಮಕ್ತಬಾ’ (ಗ್ರಂಥಾಲಯ) ಪದವನ್ನು ಮ ಅಡಿ ಹುಡುಕಿದರೆ ಸಿಗದು, ಕ-ತ-ಬ ಅಡಿ ಹುಡುಕಬೇಕು. ‘ಇಸ್ತಿಕ್ಬಾಲ್’ (ಸ್ವಾಗತ) ಎದುರಾದಾಗ ಮೊದಲ ‘ಇಸ್ತ’ವನ್ನು ಬಿಡಿಸಿ, ನಡುವಿನ ದೀರ್ಘವನ್ನು ತೆಗೆದು, ಉಳಿದ ಕ-ಬ-ಲ ಹಿಡಿಯಬೇಕು. ಆ ಪುಟ ತೆರೆದರೆ ನಮಗೆ ಗೊತ್ತಿರುವ ಕಬೂಲೂ ಮುಕಾಬಲಾವೂ ಅಲ್ಲೇ ಇರುತ್ತವೆ. ಕ್ರಿಯಾಪದಕ್ಕೆ ಸಾಮಾನ್ಯ ಬಳಕೆಯಲ್ಲಿ ಹತ್ತು ಅಚ್ಚುಗಳಿವೆ. ಅವನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಆ ಹಾಳೆಯ ಕಡೆ ಕಣ್ಣು ಹೋಗದೆ ಧಾತು ಹೊಳೆಯತೊಡಗಿದಾಗ ಸ್ವರಚಿಹ್ನೆಗಳಿಲ್ಲದ ಸಾಲೂ ಓದಲು ಬರತೊಡಗುತ್ತದೆ. ಮೊಬೈಲಿನ ಅನುವಾದ ಆ್ಯಪ್ ನೇರ ಅರ್ಥ ಕೊಟ್ಟುಬಿಡುತ್ತದೆ, ಧಾತು ಹುಡುಕುವ ಶ್ರಮ ಉಳಿಸುತ್ತದೆ, ಅದರ ತೊಂದರೆಯೇ ಅದು. ಮೊದಲ ಎರಡು ವರ್ಷ ಅದನ್ನು ದೂರವಿಡಿ.

ವಕೀಲ, ಹಕ್ಕು, ಕರಾರು, ನಕಲು ಹೀಗೆ ಕನ್ನಡದಲ್ಲಿ ನೆಲೆನಿಂತ ಅರಬ್ಬಿ ಪದಗಳು ಶಬ್ದಸಂಪತ್ತಿಗೆ ಆಸರೆಯಾಗುತ್ತವೆ. ಆದರೆ ಎಚ್ಚರವಿರಲಿ, ಅರಬ್ಬಿಯಲ್ಲಿ ‘ಗರೀಬ್’ ಬಡವನಲ್ಲ, ಅಪರಿಚಿತ.

ಆಡುಮಾತು: ಒಂದೇ, ಆದರೆ ಚೆನ್ನಾಗಿ

ವಿಶ್ವವಿದ್ಯಾಲಯ ಕಲಿಸುವುದು ಫುಸ್‌ಹಾ, ಅಂದರೆ ಗ್ರಾಂಥಿಕ ಅರಬ್ಬಿ. ಸುದ್ದಿ, ಪುಸ್ತಕ, ಭಾಷಣ ಎಲ್ಲ ಅದರಲ್ಲೇ. ಮನೆಮಾತು, ಬೀದಿಮಾತು ಆಮ್ಮಿಯಾ, ಅದು ದೇಶದಿಂದ ದೇಶಕ್ಕೆ ಬೇರೆ. ‘ಏನು ಬೇಕು?’ ಎಂಬುದು ಫುಸ್‌ಹಾದಲ್ಲಿ ‘ಮಾಧಾ ತುರೀದ್’, ಕೈರೋದಲ್ಲಿ ‘ಆಯಿಝ್ ಏ’, ಬೈರೂತ್, ದಮಾಸ್ಕಸ್ ಕಡೆ ‘ಶೂ ಬಿದ್ದಕ್’, ಕುವೈತಿನತ್ತ ‘ಶ್ತಬೀ’. ಫುಸ್‌ಹಾ ಒಂದೇ ಕಲಿತು ಅಂಗಡಿಗೆ ಹೋದರೆ ನಿಮ್ಮ ಮಾತು ಅವರಿಗೆ ತಿಳಿಯುತ್ತದೆ, ಅವರ ಉತ್ತರ ನಿಮಗೆ ತಿಳಿಯುವುದಿಲ್ಲ. ಹಾಗೆಂದು ಮೊದಲ ವರ್ಷವೇ ಆಡುಮಾತಿನ ಹಿಂದೆ ಬಿದ್ದರೆ ವಿಭಕ್ತಿ ಸಡಿಲಾಗುತ್ತದೆ, ಏಕೆಂದರೆ ಆಡುಮಾತಿನಲ್ಲಿ ಆ ಉ-ಅ-ಇ ಇಲ್ಲ. ಎರಡನೇ ವರ್ಷದ ನಡುವೆ ಒಂದನ್ನು ಆರಿಸಿಕೊಳ್ಳಿ. ಸಿನಿಮಾ, ಹಾಡು ಧಾರಾಳವಾಗಿ ಸಿಗುವುದರಿಂದ ಈಜಿಪ್ಟಿನದು ಸುಲಭ. ಗಲ್ಫ್ ಉದ್ಯೋಗ ಗುರಿಯಾಗಿದ್ದರೆ ಗಲ್ಫಿನದೇ ಇರಲಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಒಮಾನ್, ಯೆಮನ್, ಇರಾಕಿನಿಂದ ರೋಗಿಗಳು ಬರುತ್ತಾರೆ. ಅಲ್ಲಿ ದುಭಾಷಿಗೆ ಬೇಕಾದದ್ದು ನೋವು ಎಲ್ಲಿದೆ, ಎಂದಿನಿಂದ ಎಂದು ಅಜ್ಜಿಯೊಬ್ಬರು ಹೇಳುವ ಮಾತು. ಅದು ಫುಸ್‌ಹಾದಲ್ಲಿ ಬರುವುದಿಲ್ಲ.

ಏನನ್ನು ಓದಬೇಕು

ಸುದ್ದಿಯಿಂದ ಆರಂಭಿಸಿ. ಅಲ್ ಜಝೀರಾ ಅರಬ್ಬಿ ಕಲಿಯುವವರಿಗಾಗಿಯೇ ಒಂದು ಜಾಲತಾಣ ನಡೆಸುತ್ತದೆ. ಅಂದಿನ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿಕೊಂಡು ಆಮೇಲೆ ಅದೇ ಸುದ್ದಿಯನ್ನು ಅರಬ್ಬಿಯಲ್ಲಿ ತೆರೆಯಿರಿ. ವಿಷಯ ಗೊತ್ತಿದ್ದರೆ ಸ್ವರಗಳು ತಾವಾಗಿ ಕೂಡಿಕೊಳ್ಳುತ್ತವೆ.

ಇದೇ ಉಪಾಯ ಸಾಹಿತ್ಯಕ್ಕೂ ಸಲ್ಲುತ್ತದೆ, ಅಲ್ಲಿ ನಮಗೊಂದು ಅಪರೂಪದ ಅನುಕೂಲವಿದೆ. ಪಂಚತಂತ್ರ ಪಹ್ಲವಿ ಭಾಷೆಯ ಮೂಲಕ ಎಂಟನೇ ಶತಮಾನದಲ್ಲಿ ಇಬ್ನುಲ್ ಮುಕಫ್ಫಾನ ಕೈಯಲ್ಲಿ ಅರಬ್ಬಿಗೆ ಬಂತು. ಹೆಸರು ‘ಕಲೀಲಾ ವ ದಿಮ್ನಾ’, ನಮ್ಮ ಕರಟಕ-ದಮನಕರೇ. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಅದೇ ಕಥಾಪರಂಪರೆಯನ್ನು ಕನ್ನಡದಲ್ಲಿ ಹೇಳಿದ. ಸಿಂಹ, ಎತ್ತು, ಎರಡು ನರಿಗಳ ಕತೆ ಬಾಲ್ಯದಿಂದ ಗೊತ್ತಿರುವವರಿಗೆ ಅರಬ್ಬಿ ಗದ್ಯದ ಈ ಶ್ರೇಷ್ಠ ಕೃತಿಯಲ್ಲಿ ಮುಂದಿನ ಸಾಲು ಏನೆಂದು ಊಹಿಸಲು ಬರುತ್ತದೆ. ಪಠ್ಯದಲ್ಲಿ ಇಲ್ಲದಿದ್ದರೂ ಎರಡನೇ ವರ್ಷದ ರಜೆಯಲ್ಲಿ ಸ್ವರಚಿಹ್ನೆಯಿರುವ ಮುದ್ರಣ ಹುಡುಕಿ ಓದಿ. ಮೂರನೇ ವರ್ಷಕ್ಕೆ ತಾಹಾ ಹುಸೇನರ ಆತ್ಮಕಥೆ ‘ಅಲ್-ಅಯ್ಯಾಮ್’, 1988ರಲ್ಲಿ ನೊಬೆಲ್ ಪಡೆದ ನಗೀಬ್ ಮಹ್ಫೂಝರ ಸಣ್ಣಕತೆಗಳು.

ಮುಂದಿನ ದಾರಿ

ಎಂ.ಎ. ನಂತರ ಯುಜಿಸಿ-ನೆಟ್‌ನಲ್ಲಿ ಅರೇಬಿಕ್ ಒಂದು ವಿಷಯ, ಕಾಲೇಜಿನ ಬೋಧನೆಗೆ ಅದು ಅರ್ಹತೆ. 1973ರಿಂದ ಅರಬ್ಬಿ ವಿಶ್ವಸಂಸ್ಥೆಯ ಅಧಿಕೃತ ಭಾಷೆ. ನಮ್ಮ ವಿದೇಶಾಂಗ ಸೇವೆಯ ಕೆಲವು ಅಧಿಕಾರಿಗಳನ್ನೂ ಅರಬ್ಬಿ ಕಲಿಯಲು ಕೈರೋಗೆ ಕಳಿಸುತ್ತಾರೆ. ನೀವಾಗಿಯೇ ಅರಬ್ ನಾಡಿಗೆ ಹೋಗಿ ಕಲಿಯುವ ಅವಕಾಶಗಳೂ ಇವೆ. ಕತಾರ್ ವಿಶ್ವವಿದ್ಯಾಲಯ ಅರಬ್ಬೇತರರಿಗಾಗಿ ಭಾಷಾ ಕೋರ್ಸ್ ನಡೆಸುತ್ತದೆ, ಅದಕ್ಕೆ ವಿದ್ಯಾರ್ಥಿವೇತನವೂ ಉಂಟು. ಟ್ಯೂನಿಸ್ ನಗರದ ಬೂರ್ಗೀಬಾ ಸಂಸ್ಥೆಯ ಬೇಸಿಗೆ ತರಗತಿಗಳು ಹಳೆಯ ಹೆಸರು. ಅರ್ಜಿಯ ಕೊನೆಯ ದಿನಾಂಕ ವರ್ಷ ವರ್ಷ ಬದಲಾಗುವುದರಿಂದ ಆಯಾ ವಿಶ್ವವಿದ್ಯಾಲಯದ ತಾಣದಲ್ಲೇ ನೋಡಿಕೊಳ್ಳಿ. ಪಾಸ್‌ಪೋರ್ಟನ್ನು ಮೊದಲ ವರ್ಷವೇ ಮಾಡಿಸಿಡಿ. ಹತ್ತನೇ ತರಗತಿಯ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ಬಗೆಯಲ್ಲಿ, ಇನಿಷಿಯಲ್ ಬಿಡಿಸಿ ಬರೆದದ್ದಾಗಿರಲಿ.