ಒಳ್ಳೆಯ ಕೆಲಸಕ್ಕೂ ಒಂದು ಅರ್ಜಿ ಬೇಕು

ಯಲಹಂಕ ಉಪನಗರವಿರಲಿ, ಆರ್.ಟಿ. ನಗರವಿರಲಿ, ನವೆಂಬರ್ ಬಂತೆಂದರೆ ಬೀದಿಬೀದಿಯ ಗೆಳೆಯರ ಬಳಗಗಳಿಗೆ ಜೀವ ಬರುತ್ತದೆ. ಬೆಳಿಗ್ಗೆ ಧ್ವಜಾರೋಹಣ, ಪಕ್ಕದಲ್ಲೇ ರಕ್ತದಾನ ಶಿಬಿರ, ಮಧ್ಯಾಹ್ನ ಅನ್ನಸಂತರ್ಪಣೆ, ಸಂಜೆ ಆರ್ಕೆಸ್ಟ್ರಾ. ದುಡಿದ ದುಡ್ಡಿನಲ್ಲೇ ಒಂದಷ್ಟು ತೆಗೆದಿಟ್ಟು ಇದನ್ನೆಲ್ಲ ಮಾಡುವ ನಿಮ್ಮಂಥ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಹೆಮ್ಮೆ. ಆ ಹೆಮ್ಮೆಯಿಂದಲೇ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ.

“ಮಾಡ್ತಿರೋದು ಒಳ್ಳೆ ಕೆಲಸ, ಇದಕ್ಕೂ ಪರ್ಮಿಷನ್ ಬೇಕಾ?” ಎಂದು ಕೇಳುತ್ತೀರಿ. ಬೇಕು. ಪೆಂಡಾಲಿನ ಕೆಳಗೆ ಕೂತವರು ಇಷ್ಟಪಟ್ಟು ಬಂದವರು. ಆದರೆ ಹಿಂದಿನ ಮನೆಯ ಬಾಣಂತಿ, ರಾತ್ರಿ ಪಾಳಿ ಮುಗಿಸಿ ಮಲಗಿದವನು, ಹೆಬ್ಬಾಳದ ಆಸ್ಪತ್ರೆಗೆ ಹೊರಟ ಆಂಬ್ಯುಲೆನ್ಸಿನಲ್ಲಿ ಇರುವವರು, ಇವರನ್ನು ನೀವು ಕೇಳಿರುವುದಿಲ್ಲ. ಅವರ ಪರವಾಗಿ ಕೇಳುವುದಕ್ಕೇ ಪಾಲಿಕೆ, ಪೊಲೀಸ್ ಸ್ಟೇಷನ್ ಇರುವುದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸಂಭ್ರಮಕ್ಕೆಂದು ಹೋದ 11 ಮಂದಿ ಕಾಲ್ತುಳಿತದಲ್ಲಿ ತೀರಿಕೊಂಡರು. ಎಷ್ಟು ಜನ ಬರುತ್ತಾರೆ, ಯಾವ ಕಡೆಯಿಂದ ಬಂದು ಯಾವ ಕಡೆಯಿಂದ ಹೋಗುತ್ತಾರೆ ಎಂಬುದಕ್ಕೆ ಮೊದಲೇ ಉತ್ತರ ಇರಬೇಕು. ಅರ್ಜಿ ನಿಮ್ಮನ್ನು ಕೇಳುವುದು ಅದನ್ನೇ.

ಮೊದಲು ಜಾಗ ಯಾರದ್ದು ಎಂದು ತಿಳಿದುಕೊಳ್ಳಿ. ಬಡಾವಣೆಯ ಪಾರ್ಕು ಖಾಲಿ ಇದೆ ಎಂದು ಅಲ್ಲೇ ಶಾಮಿಯಾನ ಹಾಕಿಸಬೇಡಿ. ಪಾರ್ಕು, ಆಟದ ಮೈದಾನಗಳನ್ನು ಕಾಯಲು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ಸರ್ಕಾರಿ ಶಾಲೆಯ ಮೈದಾನವಾದರೆ ಮುಖ್ಯೋಪಾಧ್ಯಾಯರ ಬಾಯಿಮಾತು ಸಾಲದು, ಇಲಾಖೆಯ ಒಪ್ಪಿಗೆ ಬರಹದಲ್ಲಿ ಇರಲಿ. ಮನೆಮುಂದಿನ ರಸ್ತೆಯಾದರೂ ಅದು ಊರಿನ ರಸ್ತೆ. ಅಡ್ಡಗಟ್ಟಬೇಕೆಂದರೆ ಟ್ರಾಫಿಕ್ ಪೊಲೀಸರನ್ನು ಬೇರೆಯಾಗಿಯೇ ಕಾಣಬೇಕು.

ಈಗ ಬಿಬಿಎಂಪಿ ಇಲ್ಲ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾಗಿವೆ. ಯಲಹಂಕ, ಹೆಬ್ಬಾಳದ ಕಡೆಯವರಿಗೆ ಬೆಂಗಳೂರು ಉತ್ತರ ನಗರ ಪಾಲಿಕೆ. ಯಶವಂತಪುರದ ಕಡೆಯವರು ತಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಎಂದು ವಾರ್ಡ್ ಕಚೇರಿಯಲ್ಲೇ ಖಚಿತಪಡಿಸಿಕೊಂಡು ಅರ್ಜಿ ಬರೆಯಲಿ. ಗಣೇಶನ ಹಬ್ಬಕ್ಕೆ ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ಇಲಾಖೆಗಳ ಒಪ್ಪಿಗೆ ಒಂದೇ ಕಡೆ ಸಿಗುವ ಏಕಗವಾಕ್ಷಿ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಉಳಿದ ಕಾರ್ಯಕ್ರಮಗಳಿಗೆ ನೀವೇ ನಾಲ್ಕು ಬಾಗಿಲು ತಟ್ಟಬೇಕು. ಅದಕ್ಕೇ ಹದಿನೈದು ದಿನ ಮುಂಚೆ ಹೊರಡಿ ಎನ್ನುವುದು.

ಅರ್ಜಿಯಲ್ಲಿ ದಿನ, ಹೊತ್ತು, ಜಾಗ, ಬರುವ ಜನರ ಅಂದಾಜು, ಮೈಕ್ ಇದೆಯೋ ಇಲ್ಲವೋ, ಮೆರವಣಿಗೆ ಇದ್ದರೆ ಅದರ ದಾರಿ, ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆಯಿರಿ. ಸಾವಿರ ಜನ ಬರುವಲ್ಲಿ ಇನ್ನೂರು ಎಂದು ಬರೆದರೆ ಬಂದೋಬಸ್ತೂ ಇನ್ನೂರು ಜನಕ್ಕೇ ಆಗುತ್ತದೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸ್ವೀಕೃತಿಯ ಸೀಲೇ ಅನುಮತಿ ಎಂದು ಭಾವಿಸಬೇಡಿ, ಅನುಮತಿ ಪತ್ರ ಕೈಗೆ ಬರುವವರೆಗೆ ಬಿಡಬೇಡಿ. ಶುಲ್ಕ ಇದ್ದರೆ ಕಟ್ಟಿ ರಸೀದಿ ಪಡೆಯಿರಿ. ರಸೀದಿ ಇಲ್ಲದ ಹಣ ಯಾರಿಗೂ ಕೊಡಬೇಡಿ.

ಮೈಕಿನ ಮಾತು ಬಿಗಿಯಾಗಿಯೇ ಹೇಳುತ್ತೇನೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತೆಯೇ ಇಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಆ ದಿನ ಯಾವುದೆಂದು ನಾವು ನೀವು ತೀರ್ಮಾನಿಸುವಂತಿಲ್ಲ. ವಸತಿ ಪ್ರದೇಶಕ್ಕೆ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತಲ 100 ಮೀಟರ್ ನಿಶ್ಶಬ್ದ ವಲಯವಾದರೆ ಮಿತಿ ಇನ್ನೂ ಕಡಿಮೆ. ಒಂಬತ್ತೂವರೆಗೇ ವಂದನಾರ್ಪಣೆ ಆಗುವಂತೆ ಕಾರ್ಯಕ್ರಮ ಜೋಡಿಸಿ. ಮುಖ್ಯ ಅತಿಥಿ ತಡವಾಗಿ ಬಂದರೆ ಭಾಷಣ ಚಿಕ್ಕದಾಗಲಿ, ರಾತ್ರಿ ದೊಡ್ಡದಾಗುವುದು ಬೇಡ.

ಬೀದಿದೀಪದ ಕಂಬದಿಂದ ವೈರು ಎಳೆದು ಸೀರಿಯಲ್ ಲೈಟು ಹಾಕುವುದು ವಿದ್ಯುತ್ ಕಳ್ಳತನ, ಜೊತೆಗೆ ಜೀವಕ್ಕೂ ಸಂಚಕಾರ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಇಲ್ಲವೇ ಜನರೇಟರ್ ತರಿಸಿ. ಬೆಂಕಿಯ ಬಗ್ಗೆ ನಮ್ಮ ಯಲಹಂಕದ್ದೇ ಪಾಠ ಇದೆ. 2019ರ ಫೆಬ್ರುವರಿ 23ರಂದು ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿದ್ದಾಗ ವಾಹನ ನಿಲುಗಡೆಯ ಬಯಲಿಗೆ ಬೆಂಕಿ ಬಿದ್ದು, ಒಣಹುಲ್ಲಿನಲ್ಲಿ ಹಬ್ಬಿ, ಸುಮಾರು 300 ಕಾರುಗಳು ಸುಟ್ಟುಹೋದವು. ಅಷ್ಟು ದೊಡ್ಡ ವ್ಯವಸ್ಥೆ ಇದ್ದಲ್ಲೇ ಹೀಗಾಯಿತು. ಪಾರ್ಕಿಂಗ್ ಜಾಗದ ಹುಲ್ಲು ಕೀಳಿಸಿ, ಅಡುಗೆಯ ಒಲೆ ಪೆಂಡಾಲಿನಿಂದ ದೂರ ಇಡಿಸಿ, ಅಗ್ನಿಶಾಮಕ ವಾಹನ ಒಳಬರುವಷ್ಟು ದಾರಿ ಬಿಡಿ. ಯಲಹಂಕದ ವಾಯುನೆಲೆ ಮತ್ತು ಜಕ್ಕೂರಿನ ವಿಮಾನ ತಾಣದ ಸುತ್ತ ವಿಡಿಯೊಗೆಂದು ಅನುಮತಿ ಇಲ್ಲದೆ ಡ್ರೋನ್ ಹಾರಿಸಲೇಬೇಡಿ.

ಅನ್ನಸಂತರ್ಪಣೆಗೂ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆ. ಧಾರ್ಮಿಕ, ಸಾಮಾಜಿಕ ಕೂಟಗಳಲ್ಲಿ ಊಟ ಹಂಚುವವರಿಗೂ ನೋಂದಣಿ ಇದೆ. ಹೊರಗಿನ ಅಡುಗೆ ಗುತ್ತಿಗೆದಾರರಾದರೆ ಅವರ ಲೈಸೆನ್ಸ್ ನೋಡಿ ಒಪ್ಪಿಸಿ. ರಕ್ತದಾನ ಶಿಬಿರವನ್ನು ಪರವಾನಗಿ ಪಡೆದ ರಕ್ತನಿಧಿ ಕೇಂದ್ರದ ಕೈಯಲ್ಲೇ ನಡೆಸಿ. ದಾನಿಗೆ 18 ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಸಂಖ್ಯೆ ಏರಿಸುವ ಉತ್ಸಾಹದಲ್ಲಿ ಯಾರನ್ನೂ ಬಲವಂತ ಮಾಡಬೇಡಿ.

ವಂತಿಗೆ ಎತ್ತಿದಲ್ಲಿ ರಸೀದಿ ಹರಿದುಕೊಡಿ, ಕಾರ್ಯಕ್ರಮ ಮುಗಿದ ಮೇಲೆ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ. 80ಜಿ ತೆರಿಗೆ ವಿನಾಯಿತಿ ಇದೆ ಎಂದು ಹೇಳಿ ಹಣ ಪಡೆಯುವ ಟ್ರಸ್ಟುಗಳು ತಿಳಿದಿರಲಿ, 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ಸಹಾಯಾರ್ಥ ಎಂದು ಲಕ್ಕಿ ಡಿಪ್ ಕೂಪನ್ ಮಾರುವುದು ಮಾತ್ರ ಬೇಡವೇ ಬೇಡ. ಟಿಕೆಟ್ ಮಾರಿ ಬಹುಮಾನ ಎತ್ತಿದರೆ ಕಾನೂನಿನ ಕಣ್ಣಲ್ಲಿ ಅದು ಲಾಟರಿ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಅಪರಾಧ. ಫ್ಲೆಕ್ಸಿಗೆ, ಥರ್ಮಾಕೋಲ್ ತಟ್ಟೆಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಬಟ್ಟೆಯ ಬ್ಯಾನರಿಗೂ ಕೇಳಿಯೇ ಕಟ್ಟಿ. ಊಟಕ್ಕೆ ಅಡಿಕೆ ಹಾಳೆಯ ತಟ್ಟೆ, ಬಾಳೆ ಎಲೆ ಸಾಕು. ಮರುದಿನ ಬೆಳಿಗ್ಗೆ ಬರುವ ಪೌರಕಾರ್ಮಿಕರಿಗೆ ನಿಮ್ಮ ಎಂಜಲು ಬಿಡಬೇಡಿ, ಆ ರಾತ್ರಿಯೇ ಬಳಿದು ಮಲಗಿ.

ಅನುಮತಿ ಪತ್ರದಲ್ಲಿ ಹೆಸರಿರುವವರೇ ಆ ದಿನದ ಹೊಣೆಗಾರರು. ಊರಲ್ಲೇ ಇದ್ದು ಫೋನ್ ಎತ್ತುವ, ಬೇಡ ಎನ್ನಬೇಕಾದಲ್ಲಿ ಬೇಡ ಎನ್ನುವ ಧೈರ್ಯವಿರುವ ಒಬ್ಬರನ್ನು ಅದಕ್ಕೆ ಆರಿಸಿ. ಉಳಿದವರು ಅವರ ಮಾತು ಕೇಳಿ. ಈ ವಾರವೇ ಕೂತು ಅರ್ಜಿ ಬರೆಯಿರಿ, ಅಕ್ಕಪಕ್ಕದ ಮನೆಗಳಿಗೂ ಹೋಗಿ ವಿಷಯ ತಿಳಿಸಿ, ಅವರನ್ನೂ ಊಟಕ್ಕೆ ಕರೆಯಿರಿ. ಧೈರ್ಯವಾಗಿ ಮಾಡಿ, ನಿಯಮದಂತೆ ಮಾಡಿ. ನಿಮ್ಮ ಕಾರ್ಯಕ್ರಮ ಚೆನ್ನಾಗಿ ಆಗಲಿ.